ಮಿಲ್ ಕಡಿಗೆ ಜೋರು, ಹಳ್ಳದ ಕಡಿಗೆ ಮೆತ್ತಗ

ಪಂಚಾಕ್ಷರಪ್ಪನ ಮೇಲಿನ ಸಿಟ್ಟು ಮಕ್ತುಂ ಸಾಬ್‌ಗೆ ಇವತ್ತಿಗೂ ಇಳಿದಿಲ್ಲ. ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಾನೆ, ಅವನ ಟ್ರ್ಯಾಕ್ಟರ್ ಕೆಟ್ಟರೆ ರಿಪೇರಿಯನ್ನೂ ಮಾಡಿಕೊಡುತ್ತಾನೆ. ಆದರೆ ಬೋಲ್ಟು ಬಿಗಿಯುವಾಗ ಹಲ್ಲು ಕಡಿಯುತ್ತಾನೆ.

ಕೊಟ್ಟೂರಿನ ಫುಟ್‌ಬಾಲ್ ಕ್ಲಬ್ಬಿಗೆ ಪಂಚಾಕ್ಷರಪ್ಪ ಅಧ್ಯಕ್ಷ. ಅದೇ ಕ್ಲಬ್ಬಿನ ಮಕ್ಕಳಿಗೆ ಆಟ ಕಲಿಸುವವನು ಟ್ರ್ಯಾಕ್ಟರ್ ಮೇಸ್ತ್ರಿ ಮಕ್ತುಂ ಸಾಬ್. ಹಿಂದೊಮ್ಮೆ ಕೂಡ್ಲಿಗಿಯಲ್ಲಿ ದೊಡ್ಡವರ ಟೂರ್ನಮೆಂಟು ನಡೆದಾಗ ಕ್ಲಬ್ಬು ಫೈನಲ್ಲಿಗೆ ಹೋಗಿತ್ತು. ಅಲ್ಲಿಯವರೆಗೆ ಎಳೆದು ತಂದವನು ತೌಸೀಫ್. ಮೂಗು ಸುರಿಸುವ ವಯಸ್ಸಿನಿಂದ ಮಕ್ತುಂ ಸಾಬ್‌ನ ಕೈಯಲ್ಲಿ ಬೆಳೆದ ಹುಡುಗ. ಫೈನಲ್ ದಿನ ಬೆಳಿಗ್ಗೆ ಪಂಚಾಕ್ಷರಪ್ಪ ಹೊರ ಊರಿನ ಬಾಡಿಗೆ ಆಟಗಾರರನ್ನು ಜೀಪಿನಲ್ಲಿ ತಂದಿಳಿಸಿದ. ತೌಸೀಫ್‌ನ ಕೈಗೆ ನೀರಿನ ಬಾಟಲಿಗಳನ್ನು ಕೊಟ್ಟು ಗೆರೆಯ ಹೊರಗೆ ಕೂರಿಸಿದರು. ಕ್ಲಬ್ಬು ಗೆದ್ದಿತು. ಬಾಡಿಗೆಯವರು ಕಪ್ಪು ಹಿಡಿದು ಫೋಟೊ ಹೊಡೆಸಿಕೊಂಡು ಬಂದ ಜೀಪಿನಲ್ಲೇ ಹೋದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ತೌಸೀಫ್ ಕೂಡ ಉಳಿಯಲಿಲ್ಲ. ಹರಪನಹಳ್ಳಿಯಲ್ಲಿ ಮಾವನ ವೆಲ್ಡಿಂಗ್ ಅಂಗಡಿ ಸೇರಿ, ಅಲ್ಲಿಯ ಮಕ್ಕಳನ್ನು ಕಲೆಹಾಕಿ ಒಂದು ತಂಡ ಕಟ್ಟಿದ.

“ಕಪ್ಪು ಬಂತು, ಹುಡುಗ ಹೋದ” ಎಂದು ಮಕ್ತುಂ ಸಾಬ್ ಗೊಣಗಿದರೆ, “ಕಪ್ಪು ಕಪಾಟಿನ್ಯಾಗ ಐತಿ, ಬಂದು ನೋಡ್ಕೋರಿ” ಎಂದು ಪಂಚಾಕ್ಷರಪ್ಪ ನಗುತ್ತಿದ್ದ.

ಹೋದ ವರ್ಷ ಕ್ಲಬ್ಬಿನ ಮೀಟಿಂಗಿನಲ್ಲಿ ಪಂಚಾಕ್ಷರಪ್ಪನಿಂದ ಇನ್ನೂ ದೊಡ್ಡ ಪೆಟ್ಟು ಬಿತ್ತು.

“ನೋಡ್ರಿ ಸಾಬ್ರ, ಇಷ್ಟು ವರ್ಷ ಮಕ್ಕಳ ತಂಡ ಸಾಕಿದ್ವಿ. ಒಂದರ ಕಪ್ಪು ತಂದಾವೇನು? ಜನ ಗೆದ್ದೋರ್ನ ನೋಡಾಕ ಬರ್ತಾರ. ಮಕ್ಕಳ ತಂಡ ಬಿಟ್ಟು, ಚಲೋ ಆಟಗಾರರನ್ನ ಹೊರಗಿಂದ ತರೋಣ. ಅವು ಆಡೋ ಮಿಲ್ ಹಿಂದಿನ ಬಯಲನ್ನ ಲಾರಿ ನಿಲ್ಲಸಾಕ ಕೇಳ್ಯಾರ, ಕೊಟ್ಟುಬಿಡೋಣ.”

ಮಕ್ತುಂ ಸಾಬ್ ಕುರ್ಚಿ ಒದ್ದು ಎದ್ದ. “ನಿಲ್ಲಸ್ರಿ ಲಾರಿ! ನನ್ನ ಮ್ಯಾಲೆ ಹತ್ತಿಸಿ ನಿಲ್ಲಸ್ರಿ! ಕೂಸು ಹುಟ್ಟಿದ ದಿನಾನ ಕೂಲಿಗೆ ಕಳಸ್ತೀರೇನ್ರಿ? ನಮ್ಮ ಬಯಲಾಗ ಬೆಳೆದ ಹುಡುಗ ತಾನೂ ಆಡ್ತಾನ, ಮುಂದ ಹತ್ತು ಮಂದಿಗೆ ಕಲಸ್ತಾನ. ನಿಮ್ಮ ಬಾಡಿಗಿ ಆಟಗಾರ ಏನು ಬಿಟ್ಟು ಹೋಗ್ತಾನ? ಬಾಳಿಹಣ್ಣಿನ ಸಿಪ್ಪಿ!”

ಹಿಂದೆ ಕುಳಿತ ಯಾರೋ ಕಿಸಕ್ಕನೆ ನಕ್ಕರು. ಪಂಚಾಕ್ಷರಪ್ಪ ನಗಲಿಲ್ಲ.

“ಹಂಗಾದ್ರ ಹಗರಿಬೊಮ್ಮನಹಳ್ಳಿ ಟೂರ್ನಮೆಂಟಿನ್ಯಾಗ ಮಕ್ಕಳನ್ನ ಗೆಲ್ಲಿಸಿ ತೋರಸ್ರಿ. ಗೆದ್ರ ಬಯಲು ನಿಮ್ಮದು, ಯಾರೂ ಕೇಳಂಗಿಲ್ಲ. ಸೋತ್ರ ಮರುದಿನಾನ ಲಾರಿ ಬರ್ತಾವ. ಈಗ ಆ ಕುರ್ಚಿ ಎತ್ತಿ ಇಡ್ರಿ.”

ಮಕ್ತುಂ ಸಾಬ್ ಒಪ್ಪಿಕೊಂಡು ಬಂದ. ವಿಷಯ ಕೇಳಿ ಹೆಂಡತಿ ಮಹಬೂಬ್ ಬೀ ಹಣೆ ಹಣೆ ಬಡಿದುಕೊಂಡಳು. ಇವನ ಬಾಯಿ ಮಾಡಿದ ಹಟವನ್ನು ಮಕ್ಕಳ ಕಾಲು ತೀರಿಸಬೇಕಾಯಿತಲ್ಲ ಎಂಬುದು ಅವಳ ಸಂಕಟ.

ಆ ಬಯಲಿನ ಗುಣವೊಂದನ್ನು ಇಲ್ಲಿ ಹೇಳಬೇಕು. ಅದು ಸಪಾಟಾಗಿಲ್ಲ. ಒಂದು ಪಕ್ಕಕ್ಕೆ ಹಳೇ ಎಣ್ಣೆ ಮಿಲ್ಲಿನ ಗೋಡೆ, ಇನ್ನೊಂದು ಪಕ್ಕಕ್ಕೆ ಹಳ್ಳ. ನೆಲವೆಲ್ಲ ಹಳ್ಳದ ಕಡೆ ವಾಲಿದೆ. ಅತ್ತ ಸ್ವಲ್ಪ ಜೋರಾಗಿ ಒದ್ದರೂ ಚೆಂಡು ಉರುಳಿ ಜಾಲಿ ಮುಳ್ಳಿಗೆ ಬಿದ್ದು ತೂತಾಗುತ್ತದೆ. ಟ್ಯೂಬಿಗೆ ತೇಪೆ ಹಾಕಿ ಹಾಕಿ ಮಕ್ತುಂ ಸಾಬ್ ಒಂದು ಪಾಠ ಮಾಡಿಕೊಂಡಿದ್ದ: ಮಿಲ್ ಕಡೆಗೆ ಜೋರಾಗಿ ಒದೆಯಬೇಕು, ಹಳ್ಳದ ಕಡೆಗೆ ಮೆತ್ತಗೆ ತಳ್ಳಬೇಕು. ಮಕ್ಕಳು ಅದನ್ನು ಮಗ್ಗಿಯಂತೆ ಕಲಿತಿದ್ದವು. ಬೇರೆ ಊರಿಗೆ ಹೋದರೂ ಆಟಕ್ಕೆ ಮುಂಚೆ ಒಂದು ಪಕ್ಕಕ್ಕೆ ಮಿಲ್ ಎಂದೂ ಇನ್ನೊಂದಕ್ಕೆ ಹಳ್ಳ ಎಂದೂ ಹೆಸರಿಟ್ಟುಕೊಳ್ಳುತ್ತಿದ್ದವು. ಸೋತು ಬಂದಾಗಲೆಲ್ಲ ಮಕ್ತುಂ ಸಾಬ್ ಅದನ್ನೇ ಇನ್ನಷ್ಟು ತಿದ್ದಿ ಕಲಿಸುತ್ತಿದ್ದ.

ಹಗರಿಬೊಮ್ಮನಹಳ್ಳಿಯಲ್ಲಿ ಹಡಗಲಿಯವರನ್ನು ಹೇಗೋ ಉರುಳಿಸಿ ಫೈನಲ್ಲಿಗೆ ಬಂದರು. ಎದುರಿಗೆ ಹರಪನಹಳ್ಳಿ. ಗೆರೆಯ ಆಚೆ ಕೈಕಟ್ಟಿ ನಿಂತವನು ತೌಸೀಫ್. ಅಷ್ಟು ದೂರದಿಂದಲೇ ಎದೆಗೆ ಕೈ ಮುಟ್ಟಿಸಿ ಸಲಾಂ ಹೇಳಿದ. ಮಕ್ತುಂ ಸಾಬ್ ತಲೆ ಆಡಿಸಿ ಮುಖ ತಿರುಗಿಸಿದ. ಪಂಚಾಕ್ಷರಪ್ಪ ಪೆಂಡಾಲಿನ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

ಮೈದಾನ ರೊಟ್ಟಿ ಹೆಂಚಿನ ಹಾಗೆ ಸಪಾಟಾಗಿತ್ತು.

“ಮಿಲ್ ಕಡಿಗೆ ಜೋರ! ಹಳ್ಳದ ಕಡಿಗೆ ಮೆತ್ತಗ!” ಮಕ್ತುಂ ಸಾಬ್ ಕಿರುಚಿದ. ಮಕ್ಕಳು ಹಾಗೇ ಆಡಿದವು. ಒಂದು ಕಡೆ ಚೆಂಡು ಗೆರೆ ದಾಟಿ ಜನರ ಕಾಲಿಗೆ ಹೋಯಿತು. ಇನ್ನೊಂದು ಕಡೆ ಅರ್ಧ ದಾರಿಯಲ್ಲೇ ಉಸಿರು ಬಿಟ್ಟು ನಿಂತಿತು. ನಿಂತಲ್ಲೆಲ್ಲ ಹರಪನಹಳ್ಳಿಯ ಹುಡುಗಿ ಸಮತಾ ಕಾದಿದ್ದವಳ ಹಾಗೆ ಬಂದು ಕಾಲಿಗೆ ತೆಗೆದುಕೊಂಡು ಓಡುತ್ತಿದ್ದಳು. ಅವಳನ್ನು ಅಲ್ಲಿ ಕಾಯಲು ಹೇಳಿದವನು ಕೊಟ್ಟೂರಿನ ಬಯಲಿನಲ್ಲೇ ಬೆಳೆದವನಲ್ಲವೇ? ಅರ್ಧ ಆಟ ಮುಗಿಯುವ ಹೊತ್ತಿಗೆ ಕೊಟ್ಟೂರಿನವರು ಒಂದು ಗೋಲು ಹಿಂದೆ ಬಿದ್ದಿದ್ದರು.

“ಲೇ ಫಿರೋಜ್, ನಿನ್ನ ಕಾಲಾಗ ಏನು ಜೀವ ಇಲ್ಲೇನಲೇ? ಹೇಳಿದ್ದು ಕಿವಿಗೆ ಬೀಳಂಗಿಲ್ಲೇನು?” ಮಕ್ತುಂ ಸಾಬ್ ತನ್ನ ತಂಡದ ನಾಯಕನ ಮೇಲೆ ಕೈ ಎತ್ತಿಯೇಬಿಟ್ಟಿದ್ದ.

“ನೀವು ಹೇಳಿದಂಗ ಹೊಡ್ಯಾಕತ್ತೀನಿ ಉಸ್ತಾದ್” ಎಂದು ಫಿರೋಜ್ ಬಿಕ್ಕಿದ.

ಅಷ್ಟರಲ್ಲಿ ತೌಸೀಫ್ ಮೈದಾನ ದಾಟಿ ಬಂದ. “ಉಸ್ತಾದ್, ಒಂದ್ನಿಮಿಷ ಈ ಕಡೆ ಬರ್ರಿ” ಎಂದು ನೀರಿನ ಟ್ಯಾಂಕಿನ ಹಿಂದೆ ಕರೆದೊಯ್ದ.

“ಅಣಕಸಾಕ ಬಂದೀಯೇನು?”

“ಆ ಹುಡುಗನ್ನ ಬೈಬ್ಯಾಡ್ರಿ. ಇಲ್ಲಿ ಹಳ್ಳ ಎಲ್ಲೈತಿ, ನೀವಾ ತೋರಸ್ರಿ.”

ಮಕ್ತುಂ ಸಾಬ್ ಮೈದಾನದ ಕಡೆ ನೋಡಿದ. ಇಷ್ಟು ವರ್ಷದ ಸೋಲುಗಳೆಲ್ಲ ಆ ಸಪಾಟು ನೆಲದ ಮೇಲೆ ಬಿದ್ದಿದ್ದವು.

“ನಾನೂ ಹರಪನಹಳ್ಳಿಗೆ ಹೋದ ಮ್ಯಾಲೆ ಆ ಪಾಠಾನ ಮರೀಬೇಕಾತು” ಎಂದ ತೌಸೀಫ್. “ಎರಡೂ ಕಡೆ ಒಂದಾ ಸಮ ಹೊಡೀರಿ ಅನ್ರಿ. ಮತ್ತ ನೀವು ಕೂಗಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ಅವುಕ್ಕ ಕಾಲು ತಾವಾ ವಾಲ್ತಾವ.”

“ನಿನ್ನ ಹುಡುಗ್ರು ಸೋಲ್ತಾರಲ್ಲೋ?”

“ಲಾರಿ ವಿಷಯ ನನಗೂ ಗೊತ್ತೈತಿ, ಉಸ್ತಾದ್.” ಅಷ್ಟು ಹೇಳಿ ಅವನು ತನ್ನ ಕಡೆಗೆ ಹೊರಟುಹೋದ.

ಎರಡೂ ಕಡೆ ಒಂದೇ ಸಮ ಹೊಡೆಯಲು ಮಕ್ಕಳಿಗೆ ಹೇಳಿ, ಉಳಿದ ಅರ್ಧ ಆಟವನ್ನು ಮಕ್ತುಂ ಸಾಬ್ ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ನೋಡಿದ. ಮಕ್ಕಳು ಮೊದಮೊದಲು ತಡವರಿಸಿದವು, ಅಭ್ಯಾಸಕ್ಕೆ ಗೆರೆಯ ಕಡೆ ತಿರುಗಿ ಅವನ ಕೂಗಿಗೆ ಕಾದವು. ಕೂಗು ಬರಲಿಲ್ಲ. ಆಮೇಲೆ ಚೆಂಡು ಕಾಲಿನಿಂದ ಕಾಲಿಗೆ ಸಿಗತೊಡಗಿತು. ಫಿರೋಜ್ ಒಂದು ಗೋಲು ಹೊಡೆದು ಸಮ ಮಾಡಿದ. ಸಮತಾ ಒದ್ದದ್ದು ಕಂಬಕ್ಕೆ ಬಡಿದು ಠಣ್ ಎಂದಿತು. ಮಕ್ತುಂ ಸಾಬ್ ಕಣ್ಣು ಮುಚ್ಚಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಗುಂಪಿನ ನಡುವಿನಿಂದ ಯಾರದೋ ಮೊಣಕಾಲಿಗೆ ತಾಗಿದ ಚೆಂಡು ಹರಪನಹಳ್ಳಿಯ ಗೋಲಿನೊಳಗೆ ನುಸುಳಿತು. ಪೆಂಡಾಲು ಎದ್ದು ನಿಂತಿತು. ಪಂಚಾಕ್ಷರಪ್ಪನೂ ಎದ್ದಿದ್ದ. “ಆತು ಬಿಡ್ರಿ, ಬಯಲು ನಿಮ್ಮದು” ಎಂದು ಎಲ್ಲರ ಮುಂದೆ ಹೇಳಿದ.

ಟ್ಯಾಂಕಿನ ಹಿಂದೆ ಆಡಿದ ಮಾತು ಯಾರಿಗೂ ಕೇಳಿರಲಿಲ್ಲ. ಆದರೆ ಇಬ್ಬರೂ ಅಲ್ಲಿಗೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಹಳೇ ಉಸ್ತಾದನಿಗೆ ತೌಸೀಫ್ ಆಟ ಮಾರಿಬಿಟ್ಟ ಎಂದು ಹರಪನಹಳ್ಳಿಯಲ್ಲಿ ಗುಲ್ಲೆದ್ದಿತು. ಅವನು ಕಟ್ಟಿದ ತಂಡದಿಂದಲೇ ಅವನನ್ನು ಹೊರಗೆ ಹಾಕಿದರು.

ಸುದ್ದಿ ತಿಳಿದ ಮಕ್ತುಂ ಸಾಬ್ ಕೈಯ ಗ್ರೀಸು ಸಹ ತೊಳೆಯದೆ ಹರಪನಹಳ್ಳಿ ಬಸ್ಸು ಹತ್ತಿದ. ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು, “ಎಲ್ಲಿ ಅದಾರ ಆ ಹಲ್ಕಟ್ ನನ್ಮಕ್ಳು? ನಡಿ, ಇದ್ದದ್ದು ಇದ್ದಂಗ ಹೇಳ್ತೀನಿ” ಎಂದು ಅಬ್ಬರಿಸಿದ.

ತೌಸೀಫ್ ಕಪ್ಪು ಕನ್ನಡಕ ತೆಗೆದ. “ಏನಂತ ಹೇಳ್ತೀರಿ? ಎದುರಾಳಿ ಹೇಳಿಕೊಟ್ಟ, ನಾವು ಗೆದ್ವಿ ಅಂತ? ಪಂಚಾಕ್ಷರಪ್ಪನ ಕಿವಿಗೆ ಬಿದ್ರ ನಾಳೆನ ಲಾರಿ ಬರ್ತಾವ.”

“ಹಂಗಾರ ಕೊಟ್ಟೂರಿಗೆ ಬಾ. ಮಕ್ಕಳನ್ನ ನೀನಾ ನೋಡ್ಕೋ. ನಾನು ದೂರ ನಿಂದ್ರತೀನಿ.”

“ಬಂದ್ರ ಮಾರಿದ್ದು ಖರೆ ಅಂತಾರ.” ತೌಸೀಫ್ ಕನ್ನಡಕ ಹಾಕಿಕೊಂಡು ಬಗ್ಗಿದ. “ಕಿಡಿ ಹಾರ್ತಾವ, ಸರೀರಿ ಉಸ್ತಾದ್.”

ಮಕ್ತುಂ ಸಾಬ್ ಸರಿದು ನಿಂತ. ಒಂದು ಗೇಟು ಬೆಸೆದು ಮುಗಿಯುವವರೆಗೂ ನಿಂತೇ ಇದ್ದ. ತೌಸೀಫ್ ತಲೆ ಎತ್ತಲಿಲ್ಲ.

ಕೊಟ್ಟೂರಿನ ಬಯಲಿಗೆ ಈಗ ಮೊದಲಿಗಿಂತ ಹೆಚ್ಚು ಮಕ್ಕಳು ಬರುತ್ತಾರೆ. ತೌಸೀಫ್ ಯಾವ ಊರಿನ ಆಟಕ್ಕೂ ಹೋಗುವುದಿಲ್ಲ. ಅವನ ಋಣ ಹೇಗೆ ತೀರಿಸಬೇಕೆಂದು ಮಕ್ತುಂ ಸಾಬ್‌ಗೆ ಇನ್ನೂ ಗೊತ್ತಾಗಿಲ್ಲ.