ಕಲ್ಲಿನ ಕೆಳಗೆ ನಾನು ಇಟ್ಟ ನಿಧಿ

ಆ ಸುದ್ದಿ ಬರೆದವನು ನಾನು, ಹನುಮಕ್ಕ. ನಿಮ್ಮ ಹೊಲದ ಬದುವಿನಲ್ಲಿದ್ದ ವೀರಗಲ್ಲಿನ ಕೆಳಗೆ ನಿಧಿ ಇದೆಯೆಂದು ಊರವರು ಮಾತಾಡಿಕೊಳ್ಳುತ್ತಾರೆ — ಹೀಗೊಂದು ಸಾಲು ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದು ನನ್ನದು. ಊರವರು ಯಾರೂ ಹಾಗೆ ಮಾತಾಡಿಕೊಂಡಿರಲಿಲ್ಲ. ನಾನೇ ಕಟ್ಟಿದ್ದು. ಆಮೇಲೆ ಯಾರೋ ಬಂದು ಆ ಕಲ್ಲನ್ನು ಕೆಡವಿ, ಹೋಳು ಮಾಡಿ, ಬುಡವನ್ನೆಲ್ಲ ಅಗೆದು ಹೋದರು. ಅದರ ಅಪವಾದ ಇಷ್ಟು ವರ್ಷ ನಿನ್ನ ತಲೆಯ ಮೇಲಿದೆ.

ಇದು ನಿನಗೆ ಬರೆಯುತ್ತಿರುವುದು. ಬೇರೆಯವರೂ ಓದಲಿ.

ದಾವಣಗೆರೆಯಲ್ಲಿ ನಾವಿಬ್ಬರೂ ಪತ್ರಿಕೋದ್ಯಮ, ಇತಿಹಾಸ ಎರಡನ್ನೂ ಒಟ್ಟಿಗೆ ಓದುತ್ತಿದ್ದ ಕಾಲ. ನಾನು ಹೊನ್ನಾಳಿಯವನು, ನೀನು ಜಗಳೂರು ತಾಲ್ಲೂಕಿನ ಬಿಳಿಚೋಡಿನ ಆಚೆಯ ಊರಿನವಳು. ಆ ವಿಷಯಗಳ ಮೇಲಿನ ಆಸೆಯಿಂದ ನಾನು ಸೇರಿದ್ದಲ್ಲ — ಸೀಟು ಸುಲಭವಾಗಿ ಸಿಗುತ್ತದೆ, ಗಣಿತದ ಕಾಟವಿಲ್ಲ ಎಂದು ಲೆಕ್ಕ ಹಾಕಿ ಸೇರಿದವನು. ಬೆಳಿಗ್ಗೆ ಇತಿಹಾಸದ ಮೇಡಂ, ‘ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೀರಿ’ ಎನ್ನುತ್ತಿದ್ದರು. ಮಧ್ಯಾಹ್ನ ಪತ್ರಿಕೋದ್ಯಮದ ಮೇಷ್ಟ್ರು, ‘ಮೊದಲ ಸಾಲಿನಲ್ಲೇ ಓದುಗನ ಕೊರಳಪಟ್ಟಿ ಹಿಡೀರಿ’ ಎನ್ನುತ್ತಿದ್ದರು. ಅವೆರಡಕ್ಕೂ ಜಗಳವೇ ಇಲ್ಲವೆಂದು ನೀನು ವಾದಿಸುತ್ತಿದ್ದೆ. ನಾನು ನಗುತ್ತಿದ್ದೆ. ನನಗೆ ಮಧ್ಯಾಹ್ನದ ಪಾಠ ಸಾಕಾಗಿತ್ತು.

ಕೊನೆಯ ವರ್ಷ ಇಬ್ಬರೂ ಸೇರಿ ಮಾಡಬೇಕಿದ್ದ ಕಿರು ಸಂಶೋಧನೆಗೆ ನೀನು ಆ ಕಲ್ಲನ್ನು ಆರಿಸಿಕೊಂಡೆ. ದನಗಳ್ಳರನ್ನು ತಡೆಯಲು ಹೋಗಿ ಸತ್ತ ನಿಮ್ಮ ಮನೆಯ ಹಿರಿಯನ ಕಲ್ಲು ಅದೆಂದು ನಿಮ್ಮವರ ನಂಬಿಕೆ. ಯಾವ ಹಸು ಕರು ಹಾಕಿದರೂ ಮೊದಲ ಹಾಲು ಅದಕ್ಕೇ. ನಿನ್ನ ಅಪ್ಪ ಹೆಗಲ ಟವೆಲ್ಲು ತೆಗೆದು, ಮಗುವಿನ ಮುಖ ಒರೆಸುವ ಹಾಗೆ ಅದರ ಧೂಳು ಒರೆಸಿ ತೋರಿಸಿದರು.

‘ಫೋಟೊ ಹೊಡಕಳ್ರಿ, ಬ್ಯಾಡ ಅನ್ನಲ್ಲ. ಆದ್ರೆ ಎಲ್ಲೈತೆ ಅಂತ ಯಾರಿಗೂ ಗುರುತು ಹೇಳಬ್ಯಾಡ್ರಪ್ಪಾ. ಇಂಥ ಕಲ್ಲು ಕಂಡ್ರೆ ಅಗಿಯಾಕೆ ಬರೋ ಮಂದಿ ಐತೆ.’

‘ಆಯ್ತು ಯಜಮಾನ್ರೇ’ ಎಂದೆ. ನಿಮ್ಮ ಮನೆಯ ರೊಟ್ಟಿ ತಿಂದು ಕೈ ತೊಳೆಯುವ ಮೊದಲೇ ಅಂದ ಮಾತು.

ಆಗ ನಾನು ಕೆಲಸ ಹುಡುಕುತ್ತಿದ್ದೆ. ನಿನಗೆ ಹೇಳದೆ ಒಂದು ಪತ್ರಿಕೆಯ ಕಚೇರಿಗೆ ಹೋಗಿ, ಆ ಫೋಟೊ ಇಟ್ಟು, ಸುದ್ದಿ ತಂದಿದ್ದೇನೆ ಎಂದೆ. ಮೇಜಿನ ಹಿಂದಿದ್ದವರು ಫೋಟೊವನ್ನು ಸರಿಯಾಗಿ ನೋಡಲೂ ಇಲ್ಲ.

‘ಊರೂರಿಗೂ ಕಲ್ಲು ಐತೆ ಮಾರಾಯಾ. ಕಲ್ಲಡಿ ಏನೈತೆ, ಅದನ್ನ ಹೇಳು.’

ಈಗ ನನ್ನ ಬಳಿ ಬರುವ ಹುಡುಗರಿಗೆಲ್ಲ ಬುದ್ಧಿ ಹೇಳುತ್ತೇನೆ — ವ್ಯವಹಾರದಲ್ಲಿ ಮೊದಲು ಬಾಯಿ ಬಿಡಬೇಡಿ, ಎದುರಿನವನು ಏನು ಬಯಸುತ್ತಾನೆಂದು ತಿಳಿದ ಮೇಲೆ ಸರಕು ತೆಗೆಯಿರಿ ಎಂದು. ಆ ಪಾಠ ನಾನು ಕಲಿತದ್ದು ಅಲ್ಲೇ. ಅವರಿಗೆ ಏನು ಬೇಕೆಂದು ತಿಳಿಯಿತು. ಸರಕು ನನ್ನ ಬಳಿ ಇರಲಿಲ್ಲ. ನಿಂತ ನಿಲುವಿನಲ್ಲೇ ತಯಾರಿಸಿದೆ.

‘ನಿಧಿ ಐತಂತೆ ಸಾರ್. ಜನ ಮಾತಾಡ್ತಾರೆ.’

ಊರಿನ ಹೆಸರು ಕೇಳಿದರು, ಕೊಟ್ಟೆ. ಹೊಲದ ದಾರಿ ಕೇಳಿದರು, ಅದನ್ನೂ... ‘ನಮ್ಮ ಪ್ರತಿನಿಧಿಯಿಂದ’ ಎಂದು ಅಚ್ಚಾಯಿತು. ನನ್ನ ಹೆಸರಿಲ್ಲವೆಂದು ಆಗ ಬೇಸರವಾಗಿತ್ತು. ಅದೇ ನನ್ನನ್ನು ಉಳಿಸಿತು.

ಕಲ್ಲು ಹೋದ ಮೇಲೆ ನಿಮ್ಮೂರಿನ ಕಟ್ಟೆಯಲ್ಲಿ ಜನ ಸೇರಿದರು. ‘ಓದಿದೋಳು ಹುಡುಗನ್ನ ಕರಕಂಡು ಬಂದು ತೋರಿಸಿದ್ಲು, ಪೇಪರಿನೋರಿಗೂ ಅವಳೇ ಹೇಳಿರ್ತಾಳೆ’ ಎಂದು ಮಾತು ಎದ್ದಿತ್ತು. ನೀನು ನನ್ನನ್ನು ಸಾಕ್ಷಿಗೆಂದು ಕರೆಸಿದೆ. ಬಂದೆ — ಬರದಿದ್ದರೆ ಅನುಮಾನ ಬರುತ್ತದಲ್ಲ, ಅದಕ್ಕೇ ಬಂದೆ. ನಿನ್ನ ಅಪ್ಪ ಎಲ್ಲರೆದುರು ಕೇಳಿದರು:

‘ನಿನ್ನ ಹಿರೀಕ ಅಂತ ಕೇಳ್ತಿಲ್ಲ, ನನ್ನ ಮಗ ಅಂತ ತಿಳಕಂಡು ಕೇಳ್ತೀನಿ. ಯಾರಿಗಾದ್ರೂ ಹೇಳಿದ್ಯೇನಪ್ಪಾ?’

‘ನಾನು ಹೇಳಿಲ್ಲ.’

ಎರಡೇ ಪದ. ಹೊರಗಿನಿಂದ ಬಂದು ಆ ಕಲ್ಲಿನ ದಾರಿ ಕೇಳಿ ತಿಳಿದದ್ದು ನಾನೊಬ್ಬ, ತೋರಿಸಿದ್ದು ನೀನೊಬ್ಬಳು. ಒಬ್ಬ ಇಲ್ಲ ಎಂದರೆ ಉಳಿಯುವವರು ಯಾರೆಂದು ತಿಳಿಯಲು ಯಾರೂ ಇತಿಹಾಸ ಓದಬೇಕಿರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ನಿನ್ನ ಕಡೆ ತಿರುಗಿದರು. ಮತ್ತು ನೀನು, ನೀನು ನನ್ನ ಪರವಾಗಿ ಮಾತಾಡಿದೆ.

‘ಅವನನ್ನ ಬಿಡಪ್ಪಾ. ಹೇಳಿಲ್ಲ ಅಂದ್ರೆ ಹೇಳಿಲ್ಲ. ಕ್ಲಾಸಿನಾಗೆ ಫೋಟೊ ತೋರಿಸಿದ್ವಿ, ಯಾರೋ ಊಹೆ ಮಾಡಿರ್ತಾರೆ.’

ಪರೀಕ್ಷೆ ಹತ್ತಿರವಿತ್ತು. ನಿನ್ನನ್ನು ಮತ್ತೆ ಕಾಲೇಜಿಗೆ ಕಳಿಸಲಿಲ್ಲ. ಸಂಶೋಧನೆಯನ್ನು ನಾನೊಬ್ಬನೇ ಒಪ್ಪಿಸಿದೆ. ನೀನು ಬರೆದ ಪುಟಗಳೂ ಅದರಲ್ಲಿದ್ದವು. ಮೇಡಂ ನಿನ್ನನ್ನು ಕೇಳಿದಾಗ, ಮದುವೆಯಂತೆ ಎಂದೆ. ಆಗಿನ್ನೂ ನಿನಗೆ ಗಂಡನ್ನೂ ಗೊತ್ತು ಮಾಡಿರಲಿಲ್ಲ.

ನನಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಅದನ್ನು ಬಿಟ್ಟು ಚನ್ನಗಿರಿಗೆ ಬಂದು ಜಾಹೀರಾತಿನ ಅಂಗಡಿ ಹಾಕಿದೆ. ಅಡಿಕೆ ಮಂಡಿಯ ಫಲಕ, ಚುನಾವಣೆಯ ಬ್ಯಾನರ್, ದೊಡ್ಡ ಮನೆತನದವರು ಕೇಳಿದರೆ ಅವರ ಮನೆತನದ ಇತಿಹಾಸ — ಎಲ್ಲವನ್ನೂ ಬರೆದುಕೊಡುತ್ತೇನೆ. ಅಜ್ಜ ಕೆರೆ ಕಟ್ಟಿಸಿದನೆಂದು ಬರಿ ಎಂದರೆ ಕಟ್ಟಿಸುತ್ತೇನೆ. ಎರಡೂ ವಿಷಯವನ್ನು ಒಟ್ಟಿಗೆ ಓದಿದ್ದು ನನಗೆ ಚೆನ್ನಾಗಿಯೇ ಒದಗಿದೆ.

ಮೊನ್ನೆ ನೀನು ಫೋನು ಮಾಡಿದೆ. ನ್ಯಾಮತಿಯಲ್ಲಿ ನಿನ್ನ ಹೊಲಿಗೆ ಅಂಗಡಿ ಇರುವುದು ನನಗೆ ಗೊತ್ತಿತ್ತು. ಆ ಬೀದಿಯಲ್ಲಿ ಹೋಗುವಾಗ ನಾನು ಎದುರು ಸಾಲಿನ ಅಂಗಡಿಗಳನ್ನು ನೋಡುತ್ತ ಹೋಗುತ್ತಿದ್ದೆ.

‘ಏನಪ್ಪಾ ದೊಡ್ಡ ಮನುಷ್ಯಾ, ದನಿ ಗುರುತು ಹತ್ತಿತೋ ಇಲ್ಲೋ?’ ಎಂದು ನೀನು ನಕ್ಕೆ. ಆಮೇಲೆ ವಿಷಯಕ್ಕೆ ಬಂದೆ. ನಿನ್ನ ತಮ್ಮ ತಿಪ್ಪೇಶನ ಮಗಳು ಸಿಂಚನಾ ನಾವು ಓದಿದ ಅವೇ ಎರಡು ವಿಷಯ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವನು ಒಲ್ಲೆ ಅನ್ನುತ್ತಾನೆ. ‘ಅದು ಕಲ್ಲು ತಿಂದ ಓದು, ನಮ್ಮನಿಗೆ ಆಗಿಬರಲ್ಲ ಅಂತಾನೆ ಕಣೋ ಹಾಲೇಶಾ. ನನ್ನ ಮುಖ ನೋಡ್ಕೊಂಡೇ ಅಂತಾನೆ. ಭಾನುವಾರ ನಮ್ಮೂರಿಗೆ ಬಂದು ನೀನೊಂದು ಮಾತು ಹೇಳು. ನೀನು ಅದನ್ನೇ ಓದಿ ಮೇಲೆ ಬಂದೋನು, ನಿನ್ನ ಮಾತು ಕೇಳ್ತಾನೆ.’

ನಾನು ಏನೆಂದೆ ನೆನಪಿದೆಯಲ್ಲ? ‘ಬಿ.ಕಾಂ. ಹಾಕಿಸು ಹನುಮಕ್ಕಾ. ಹೆಣ್ಣುಮಗು, ನೌಕರಿ ಸಿಗೋದು ಮುಖ್ಯ.’ ಪುಕ್ಕಟೆ ಸಲಹೆ. ಆ ಮನೆಯ ಹೊಸ್ತಿಲು ತುಳಿಯುವುದು ತಪ್ಪಿದರೆ ಸಾಕಿತ್ತು ನನಗೆ.

‘ನೀನೂ ಹಿಂಗೇ ಅಂತೀಯಾ...’ ಎಂದೆ ನೀನು, ಅಷ್ಟೇ. ಹೊಲಿಗೆ ಯಂತ್ರ ಮತ್ತೆ ತಿರುಗಿದ ಸದ್ದು ಕೇಳಿಸಿತು.

ಒಮ್ಮೆ ಮಾಡಿದ್ದನ್ನು ವಯಸ್ಸಿನ ತಪ್ಪು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಮೊನ್ನೆ ಮಾಡಿದ್ದಕ್ಕೆ ಯಾವ ವಯಸ್ಸು? ನಿನ್ನ ಅಪ್ಪ ಆ ಒಡಕು ಕಲ್ಲನ್ನು ನೋಡುತ್ತಲೇ ಉಳಿದ ವರ್ಷಗಳನ್ನು ಕಳೆದು ತೀರಿಹೋದರು. ಮಗಳು ತಪ್ಪಿತಸ್ಥಳೆಂದೇ ನಂಬಿ ಹೋದರೇನೋ... ಅವರಿಗೆ ಹೇಳುವ ಹೊತ್ತು ನನ್ನ ಕೈಯಲ್ಲಿ ಎಷ್ಟೋ ಸಲ ಇತ್ತು. ನಾನು ಹೇಳಲಿಲ್ಲ.

ಭಾನುವಾರಕ್ಕೆ ಮುಂಚೆ ಇದು ನಿನ್ನ ಕೈ ಸೇರುತ್ತದೆ; ಮೊದಲು ತಿಳಿಯಬೇಕಾದವಳು ನೀನು. ಓದಿದ ಮೇಲೆ ನನ್ನ ಮುಖ ನೋಡಬೇಕೆಂದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ — ಅದು ಮತ್ತೊಂದು ಚೌಕಾಸಿ ಆಗುತ್ತದೆ. ಆದರೆ ನಾನು ಬರುತ್ತೇನೆ. ತಿಪ್ಪೇಶ ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು, ಊರಿಗೆ ಕೇಳುವಂತೆ, ಹೇಳಿದವನು ನಾನು ಎನ್ನುತ್ತೇನೆ. ‘ನಿನ್ನಕ್ಕನ ಓದು ಕಲ್ಲನ್ನು ತಿನ್ನಲಿಲ್ಲ, ನಾನು ತಿಂದೆ’ ಎಂದು ಅವನಿಗೆ ಹೇಳುತ್ತೇನೆ. ಹುಡುಗಿ ಏನು ಓದಬೇಕೆಂದು ಅವನು ನನ್ನನ್ನು ಕೇಳಿದರೆ, ನಿನ್ನ ಕಡೆ ಕೈ ತೋರಿಸಿ ಸುಮ್ಮನಾಗುತ್ತೇನೆ.