ಅತ್ತೆಯ ಹಲ್ಲು, ಮುಕ್ಕಳಿಸದ ಬಾಯಿ

ಹಲ್ಲುಜ್ಜಿದ ಮೇಲೆ ನೀವೆಲ್ಲ ಬಾಯಿ ಮುಕ್ಕಳಿಸುತ್ತೀರಿ ತಾನೆ? ಮುಕ್ಕಳಿಸಬಾರದಂತೆ. ನನಗೂ ಇವತ್ತೇ ಗೊತ್ತಾಯಿತು.

ನಲ್ಲಿ ನೀರು ತಾಗಿದರೂ ನಮ್ಮ ಅತ್ತೆಗೆ ಹಲ್ಲು ಜುಮ್ಮೆನ್ನುತ್ತಿತ್ತು. ಉಡುಪಿಯವರಾದ ಅವರು ಮಜ್ಜಿಗೆಯನ್ನೂ ಬಿಸಿ ಮಾಡಿ ಕುಡಿಯುವ ಹಂತಕ್ಕೆ ಬಂದಾಗ, ನಮ್ಮೂರಿನ ವರ್ತಕ ನಗರ ಬಡಾವಣೆಯಲ್ಲಿರುವ ಧಾರವಾಡ ಕಡೆಯ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದೆ.

"ಒಸಡು ಜಾರಿ ಬೇರು ಕಾಣಾಕತ್ತಾವ್ರೀ. ಈ ಪೇಸ್ಟ್ ಹಚ್ಚಿ ಮೆಲ್ಲಕ ಉಜ್ಜಿ ಉಗುಳ್ರಿ. ಆದ್ರ ಬಾಯಿ ಮುಕ್ಕಳಸಬ್ಯಾಡ್ರಿ. ಔಷಧ ಹಲ್ಲಿನ ಮ್ಯಾಲ ಉಳೀಬೇಕು," ಎಂದು ಡಾಕ್ಟರಮ್ಮ ಟ್ಯೂಬನ್ನು ಅತ್ತೆಯ ಕೈಗೆ ಕೊಟ್ಟರು.

ಹಲ್ಲು ನೋಡುವ ಕುರ್ಚಿಯಲ್ಲಿ ಮಲಗಿದ್ದ ಅತ್ತೆ ಅಲ್ಲೇ ಎದ್ದು ಕುಳಿತರು. "ಮುಕ್ಕಳಿಸದೆ ಎಂಜಲು ಬಾಯಲ್ಲಿ ದೇವರಿಗೆ ದೀಪ ಹಚ್ಚುದು ಹೇಗೆ ಮಾರಾಯ್ರೆ?"

ಡಾಕ್ಟರಮ್ಮ ಒಂದು ದಾರಿ ತೋರಿಸಿದರು. "ಹಂಗಾರ ರಾತ್ರಿ ಮಲಗೋ ಮುಂದ ಅಷ್ಟ ಮುಕ್ಕಳಸಬ್ಯಾಡ್ರಿ. ಆಗ ದೇವರ ಕೆಲಸ ಮುಗದಿರ್ತೈತಿ."

"ಅದು ಅಡ್ಡಿಲ್ಲ. ಆದ್ರೆ ನೀವು? ಬೆಳಿಗ್ಗೆ ನೀವು ಮುಕ್ಕಳಿಸುದಿಲ್ವಾ?" ಅತ್ತೆ ಬಿಡಲಿಲ್ಲ.

ಡಾಕ್ಟರಮ್ಮ ಒಮ್ಮೆ ಸೊಸೆಯಾದ ನನ್ನ ಮುಖ ನೋಡಿದರು.

"ನಮ್ಮ ಅತ್ತಿಯವರು ಮನ್ಯಾಗ ಇದ್ದಾಗ ಮುಕ್ಕಳಸ್ತೀನ್ರೀ."

ಅಲ್ಲಿಯವರೆಗೂ ಅನುಮಾನದಿಂದ ಎರಡೇ ಬೆರಳಲ್ಲಿ ಹಿಡಿದಿದ್ದ ಟ್ಯೂಬನ್ನು ಅತ್ತೆ ಆಗ ತಮ್ಮ ಚೀಲಕ್ಕೆ ಹಾಕಿಕೊಂಡರು.