ಶಾಂತಪ್ಪ ಭಾಷಣ ಮಾಡಿದ ಭಾನುವಾರ

ಗೋರೆಗಾಂವ್‌ನ ನಮ್ಮ ಕನ್ನಡ ಸಂಘದ ಪುಸ್ತಕಾಲಯದಲ್ಲಿ ಹದಿನಾಲ್ಕು ಕುರ್ಚಿಗಳಿವೆ. ಶಾಂತಪ್ಪ ಅವುಗಳಲ್ಲಿ ಒಂದರ ಮೇಲೂ ಕೂತವನಲ್ಲ. ಹನ್ನೊಂದು ವರ್ಷದಿಂದ ಕಪಾಟಿಗೆ ಹೆಗಲು ಕೊಟ್ಟು ನಿಂತೇ ಓದುತ್ತಾನೆ. ಇದರ ಸುತ್ತ ಒಂದು ಪುರಾಣವೇ ಬೆಳೆದಿದೆ. ಸಂಘಕ್ಕೆ ಸ್ವಂತ ಕಟ್ಟಡವಾಗುವವರೆಗೆ ಕೂರುವುದಿಲ್ಲವೆಂದು ಶಪಥ ತೊಟ್ಟಿದ್ದಾನೆ ಎನ್ನುತ್ತಾರೆ ಕಾರ್ಯದರ್ಶಿಗಳು. ನಾನೂರು ಪುಟದ ಕಾದಂಬರಿಯನ್ನು ಒಂಟಿಗಾಲಿನಲ್ಲಿ ಮುಗಿಸಿದ್ದನ್ನು ಗ್ರಂಥಪಾಲಕಿ ವಿನೋದಿನಿ ಅಕ್ಕ ಕಣ್ಣಾರೆ ಕಂಡಿದ್ದಾರೆ. ಯಾವ ಕಾಲು ಎಂದರೆ ಥಟ್ಟನೆ ಎಡಗಾಲು ಎನ್ನುತ್ತಾರೆ. ಇತಿಹಾಸಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಈ ಮಹಾಪುರುಷ ಕಾಂದಿವಲಿಯ ಒಂದು ಬಿಲ್ಡಿಂಗಿನ ವಾಚ್‌ಮನ್. ಊರು ಸಿಂದಗಿಯ ಕಡೆ. ಹೆಂಡತಿ ಹಾಲವ್ವನೊಂದಿಗೆ ಮಲಾಡ್ ಪೂರ್ವದ ಗುಡ್ಡದಂಚಿನ ಗಲ್ಲಿಯಲ್ಲಿ ವಾಸ. ಓದುವುದು ಒಂದೇ ಬಗೆಯ ಪುಸ್ತಕ: 'ನಾನು ಯಾರು, ನನ್ನ ನೆಲೆ ಎಲ್ಲಿ' ಎಂದು ನಾಯಕ ನರಳುವಂಥದ್ದು. ಮುಗಿಸಿದ ಮೇಲೆ ಒಂದೇ ಆಕ್ಷೇಪಣೆ. ಮುನ್ನೂರು ಪುಟ ಅಳುವ ಈ ಮನುಷ್ಯನ ಬಳಿ ಯಾರೂ ಬಂದು ಲೈಟ್ ಬಿಲ್ ಕೇಳುವುದಿಲ್ಲವಲ್ಲ, ಯಾಕೆ? ನಮ್ಮ ವಿಮರ್ಶಕರು ಇದಕ್ಕೆ ಕೆಮ್ಮಿದರೇ ಹೊರತು ಉತ್ತರಿಸಲಿಲ್ಲ. ಹೀಗಾಗಿ ಅವನನ್ನೇ ಭಾಷಣಕ್ಕೆ ಕರೆದೆವು. ವಿಷಯ, 'ಸಾಹಿತ್ಯದಲ್ಲಿ ನೆಲೆಯ ಹುಡುಕಾಟ'.

ಆ ಹೊತ್ತಿಗೆ ಅವನ ಗಲ್ಲಿಗೆ ಗ್ರಹಣ ಹಿಡಿದಿತ್ತು. ಪಕ್ಕದ ಗಲ್ಲಿ ಒಂದೇ ಬೆಳಗಿನಲ್ಲಿ ಮಾಯವಾಗಿತ್ತು. ಅದನ್ನು ಕೆಡವಿ ನುಂಗಿದ ಹಳದಿ ಯಂತ್ರ ಈಗ ಇವರ ಗಲ್ಲಿಯ ಬಾಯಲ್ಲಿ ತಾಡಪಾಲು ಹೊದ್ದು, ಉಂಡ ಹೆಬ್ಬಾವಿನಂತೆ ಮಲಗಿತ್ತು. ನಾಯಿಗಳು ಕೂಡ ಅದನ್ನು ಸುತ್ತಿ ಬಳಸಿ ಹೋಗುತ್ತಿದ್ದವು. ಬಿಲ್ಡರನ ಸರ್ವೇಯವರು ಸೋಮವಾರ ಬರುತ್ತಾರೆಂದು ಗೋಡೆಗೆ ಚೀಟಿ ಅಂಟಿತ್ತು. ಇಲ್ಲೇ ಬಾಳಿದ್ದಕ್ಕೆ ಕಾಗದ ತೋರಿಸಿದವರ ಬಾಗಿಲಿಗೆ ಕೆಂಪು ನಂಬರ್. ನಂಬರಿದ್ದವರಿಗೆ ಹೊಸ ಬಿಲ್ಡಿಂಗಿನಲ್ಲಿ ಖೋಲಿ, ಇಲ್ಲದವರಿಗೆ ಆಕಾಶ.

ಶಾಂತಪ್ಪನ ಬಳಿ ರೇಷನ್ ಕಾರ್ಡಿನಿಂದ ಹಿಡಿದು ಇಪ್ಪತ್ತಾರು ವರ್ಷದ ಲೈಟ್ ಬಿಲ್ಲುಗಳವರೆಗೆ ಎಲ್ಲವೂ ಇದ್ದವು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹೆಗಲ ಚೀಲದಲ್ಲಿ. ಹಿಂದೊಮ್ಮೆ ಬೆಂಕಿ ಬಿದ್ದು ನೆರೆಯವರ ಕಾಗದಗಳು ಸುಟ್ಟಂದಿನಿಂದ ಅವನು ಆ ಚೀಲವನ್ನು ಮನೆಯಲ್ಲಿ ಬಿಟ್ಟು ಹೊರಟದ್ದೇ ಇಲ್ಲ. ಆ ಭಾನುವಾರವೂ ಬಿಡಲಿಲ್ಲ.

ವೇದಿಕೆ ಹತ್ತುವ ಮುಂಚೆ ಅವನ ಮೊಬೈಲನ್ನು ನಾವೇ ಬಂದ್ ಮಾಡಿಸಿದೆವು. ಸಭೆಗೊಂದು ಗಾಂಭೀರ್ಯ ಬೇಡವೇ? ಐವತ್ತು ನಿಮಿಷ ಮಾತಾಡಿದ. ಪುಸ್ತಕದವರು ನೆಲೆಯನ್ನು ಎದೆಯೊಳಗೆ ಹುಡುಕುತ್ತಾರೆ, ನಮ್ಮದು ಪ್ಲಾಸ್ಟಿಕ್ ಕವರಿನಲ್ಲಿರುತ್ತದೆ ಎಂದ. ಚಪ್ಪಾಳೆ ಬಿತ್ತು. ಆಮೇಲೆ ಹೇಳಿದ: "ನಾಯಕ ಮನಿ ಬಿಟ್ಟು ಹೋಗ್ತಾನ್ರೀ. ತಿರುಗಿ ಬರೂತನಕ ಬಾಗಿಲಾ ಅಲ್ಲೇ ಇರತೈತಿ. ಅದಕ್ಕ ಅಂವಗ ಅಷ್ಟ ಧೈರ್ಯ."



ಕೆಳಗಿಳಿದು ಮೊಬೈಲ್ ಚಾಲೂ ಮಾಡಿದರೆ ಹಾಲವ್ವನ ಹತ್ತೊಂಬತ್ತು ಮಿಸ್ಡ್ ಕಾಲ್. ಸರ್ವೇಯವರು ಒಂದು ದಿನ ಮೊದಲೇ ಬಂದಿದ್ದರು. ಗಂಡ ಕಾಗದ ತರುತ್ತಾನೆ, ಅರ್ಧ ತಾಸು ನಿಲ್ಲಿ ಎಂದು ಅವಳು ಎಷ್ಟು ಅಂಗಲಾಚಿದರೂ ನಿಂತಿರಲಿಲ್ಲ. ಅವನು ತಿರುಗಿ ಫೋನ್ ಮಾಡಿದಾಗ ಅವಳ ದನಿ ಎರಡನೇ ಸಾಲಿಗೂ ಕೇಳಿಸುತ್ತಿತ್ತು.

"ಎಡಕ್ಕ ನಲವತ್ತೊಂದು ಬರದ್ರು, ಬಲಕ್ಕ ನಲವತ್ತೆರಡು. ನಡಕ ನಾ ನಿಂತಿದ್ದೆ. ನನ್ನ ದಾಟಿ ಹ್ವಾದ್ರು. ಯಂತ್ರದ ತಾಡಪಾಲು ಬಿಚ್ಚಾಕ ಹತ್ಯಾರ." ಕಡೆಗೆ ಕೇಳಿದಳು, "ಭಾಷಣ ಚಲೋ ಆತೇನು?"

ಹಿಂದಿನ ಸಾಲಿಗೆ ಇದೊಂದೂ ಗೊತ್ತಿರಲಿಲ್ಲ. ಅಲ್ಲಿಂದ ಕಾಲೇಜಿನ ಹುಡುಗಿ ಶ್ರಾವ್ಯಾ ಮೈಕ್ ಹಿಡಿದು ಎದ್ದಳು. "ಅಂಕಲ್, ಲಾಸ್ಟ್ ಕ್ವೆಶ್ಚನ್. ಇಷ್ಟೆಲ್ಲಾ ಬುಕ್ಸ್ ಓದಿದ್ರಿ ನಾ... ಆಖಿರ್ ಮನುಷ್ಯ ಎಲ್ಲಿ ಇರಬೇಕು?"

ಶಾಂತಪ್ಪ ಚೀಲವನ್ನು ಹೆಗಲಿಗೇರಿಸಿದ.

"ಇವತ್ತ ನಾ ಮನ್ಯಾಗ ಇರಬೇಕಿತ್ತವಾ."